ಒಂದು ಹಗಲು, ಮೂರು ಊರು: ರೋಣ, ಗಜೇಂದ್ರಗಡ, ನರಗುಂದ

ಇಂದಿನ ಪ್ರವಾಸಿಗನಿಗೆ ಎಲ್ಲವೂ ಇದೆ, ಸಮಯವೊಂದನ್ನು ಬಿಟ್ಟು. ಶನಿವಾರ ರಾತ್ರಿ ಬಸ್ಸು ಹತ್ತಿ, ಭಾನುವಾರ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಮುಗಿಸಿ, ಹಿಂದಿರುಗುವಾಗ ಲಕ್ಕುಂಡಿಯಲ್ಲಿ ಅರ್ಧ ಗಂಟೆ ಇಳಿದು, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಇದನ್ನು ಆಕ್ಷೇಪಿಸುವ ಉದ್ದೇಶ ನನಗಿಲ್ಲ. ದುಡಿಯುವ ಮನುಷ್ಯನಿಗೆ ಸಿಗುವ ಬಿಡುವೇ ಅಷ್ಟು. ಆದರೆ ಈ ಹಾದಿಯಲ್ಲಿ ರೋಣ, ಗಜೇಂದ್ರಗಡ, ನರಗುಂದ ಎಂಬ ಮೂರು ಊರುಗಳು ಬಸ್ಸಿನ ಫಲಕದ ಮೇಲಿನ ಹೆಸರುಗಳಾಗಿಯೇ ಉಳಿದುಬಿಡುತ್ತವೆ. ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಈ ಲೇಖನ ಅವರಿಗೆ ಉತ್ತರ.

ಮೊದಲಿಗೆ ಒಂದು ಮಾತು. ಒಂದೇ ಹಗಲಿನಲ್ಲಿ ಹತ್ತು ಗುಡಿ, ಎರಡು ಕೋಟೆ ನೋಡಿದವನಿಗೆ ಮನೆಗೆ ಬಂದ ಮೇಲೆ ಯಾವ ಕಂಬ ಯಾವ ಊರಿನದೆಂದು ನೆನಪಿರುವುದಿಲ್ಲ. ಕಾಲ ಕಡಿಮೆ ಇದ್ದಷ್ಟೂ ಪ್ರಶ್ನೆ ಒಂದೇ ಇರಬೇಕು. ಆ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ ನಾಲ್ಕೇ ಸ್ಥಳಗಳು ನಾಲ್ಕು ಅಧ್ಯಾಯಗಳಂತೆ ಒಂದರ ಹಿಂದೆ ಒಂದು ಕೂಡಿಕೊಳ್ಳುತ್ತವೆ. ಈ ಮೂರು ಊರುಗಳಿಗೆ ನಾನು ಆಯ್ದುಕೊಂಡಿರುವ ಪ್ರಶ್ನೆ ಇದು: ದುಡಿದವನು ಆಳುವವನಿಗೆ ಎಷ್ಟು ಕೊಡಬೇಕು, ಮತ್ತು ಅದನ್ನು ನಿರ್ಧರಿಸುವವರು ಯಾರು? ಕಪ್ಪ, ಕಾಣಿಕೆ, ಕಂದಾಯ, ಕರ ಎಂದು ಹೆಸರುಗಳು ಬದಲಾಗಿವೆ. ಪ್ರಶ್ನೆ ಮಾತ್ರ ಈ ಎರೆಭೂಮಿಯಲ್ಲಿ ಸಾವಿರ ವರ್ಷಗಳಿಂದ ಬದಲಾಗದೆ ನಿಂತಿದೆ.

ಗದಗಿನಿಂದ ಬೆಳಿಗ್ಗೆ ಬೇಗನೆ ಹೊರಡಿ. ಮೊದಲು ಸಿಗುವುದು ರೋಣ. ಇದರ ಪ್ರಾಚೀನ ಹೆಸರು ದ್ರೋಣಪುರವೆಂದೂ, ದ್ರೋಣಾಚಾರ್ಯರ ಸಂಬಂಧ ಈ ಊರಿಗೆ ಇದೆಯೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಕೇಳಿ ಮುಂದೆ ಸಾಗೋಣ. ಊರೊಳಗೆ ಅನಂತಶಯನ, ಮಲ್ಲಿಕಾರ್ಜುನ, ಸೋಮೇಶ್ವರ ಮೊದಲಾದ ಹಳೆಯ ಗುಡಿಗಳಿವೆ, ಪಾರ್ಶ್ವನಾಥನ ಬಸದಿಯಿದೆ. ವೈಷ್ಣವ, ಶೈವ, ಜೈನ ಮೂರೂ ಒಂದೇ ಊರಿನಲ್ಲಿ ಕಲ್ಲಿನ ಮನೆ ಕಟ್ಟಿಕೊಂಡಿದ್ದವೆಂದರೆ ಇಲ್ಲಿ ಒಕ್ಕಲುತನ ಚೆನ್ನಾಗಿ ನಡೆಯುತ್ತಿತ್ತು, ದಾನ ಕೊಡುವಷ್ಟು ಉಳಿತಾಯವಿತ್ತು ಎಂದೇ ಅರ್ಥ. ಗುಡಿಯನ್ನು ನೋಡುವಾಗ ನಾವು ಶಿಲ್ಪಿಯ ಕೈಚಳಕವನ್ನು ಮೆಚ್ಚುತ್ತೇವೆ. ಆ ಶಿಲ್ಪಿಗೆ ಕೂಲಿ ಕೊಟ್ಟ ಜೋಳದ ಹೊಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರೋಣದಲ್ಲಿ ಒಂದು ಗಂಟೆ ಸಾಕು. ಅನಂತಶಯನನ ದರ್ಶನ ಮಾಡಿಕೊಂಡು ಗಜೇಂದ್ರಗಡದ ದಿಕ್ಕಿಗೆ ಹೊರಟುಬಿಡಿ. ಏಕೆಂದರೆ ಆ ಹೊಲಗಳ ಲೆಕ್ಕ ಬರೆದಿಟ್ಟ ಊರು ಇದೇ ದಾರಿಯ ಆಸುಪಾಸಿನಲ್ಲಿದೆ.

ಆ ಊರು ಸೂಡಿ. ಇಂದು ಸಾಧಾರಣ ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆ ನಾಡನ್ನು ಆಳಿದವಳು ಒಬ್ಬ ಹೆಣ್ಣುಮಗಳು, ಅಕ್ಕಾದೇವಿ. ಚಕ್ರವರ್ತಿ ಜಯಸಿಂಹನ ಸೋದರಿ, ಅವನ ಮಗ ಒಂದನೆಯ ಸೋಮೇಶ್ವರನ ಸೋದರತ್ತೆ. 'ಗುಣದಬೆಡಂಗಿ' ಎಂಬ ಬಿರುದು ಪಡೆದಿದ್ದ ಈಕೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ವೀರಳೂ ಹೌದು. ಶಾಲೆಯ ಪುಸ್ತಕಗಳಲ್ಲಿ ವೀರವನಿತೆಯರೆಂದರೆ ಅಬ್ಬಕ್ಕ, ಓಬವ್ವ, ಚೆನ್ನಮ್ಮರವರೆಗೆ ಬಂದು ನಿಲ್ಲುತ್ತೇವೆ. ಅವರಿಗಿಂತ ಎಷ್ಟೋ ಶತಮಾನ ಮೊದಲೇ ನಾಡೊಂದರ ಆಡಳಿತವನ್ನು ದೀರ್ಘಕಾಲ ನಡೆಸಿದ ಅಕ್ಕಾದೇವಿಯ ಹೆಸರು ಮಕ್ಕಳ ಕಿವಿಗೆ ಬೀಳುವುದೇ ಅಪರೂಪ.

ಸೂಡಿಯಲ್ಲಿ ತಪ್ಪದೆ ನೋಡಬೇಕಾದವು ಎರಡು. ಒಂದು, ಜೋಡು ಕಳಸದ ಗುಡಿ. ಎದುರುಬದುರಾಗಿ ಎರಡು ಗರ್ಭಗೃಹ, ಎರಡು ಶಿಖರ, ನಡುವೆ ಇಬ್ಬರಿಗೂ ಸೇರಿದ ಒಂದೇ ಮಂಟಪ. ಸೋಮೇಶ್ವರನ ದಂಡನಾಯಕ ನಾಗದೇವನು ಸುಮಾರು 1060ರಲ್ಲಿ ಕಟ್ಟಿಸಿದ್ದು. ಇನ್ನೊಂದು, ನಾಗಕುಂಡವೆಂಬ ಮೆಟ್ಟಿಲುಬಾವಿ. ಗುಡಿಯ ಹೊರಗೋಡೆಯನ್ನೇ ಒಳಮುಖವಾಗಿ ತಿರುಗಿಸಿ ನೆಲದೊಳಗೆ ಇಳಿಸಿದಂತೆ, ಬಾವಿಯ ಸುತ್ತಿನ ಗೋಡೆಗೆಲ್ಲ ಕೆತ್ತನೆ ಇದೆ. ನೀರು ಸೇದಲು ಬಂದವರು ಕೊಡ ತುಂಬುವವರೆಗೆ ಶಿಲ್ಪ ನೋಡುತ್ತ ನಿಲ್ಲಲಿ ಎಂದು ಯಾರೋ ಬಯಸಿದ್ದರೆನ್ನಿಸುತ್ತದೆ. ಬಹಳ ಕಾಲ ಹಾಳುಬಿದ್ದಿದ್ದ ಈ ಸ್ಮಾರಕಗಳ ಜೀರ್ಣೋದ್ಧಾರ ಈಚಿನ ವರ್ಷಗಳಲ್ಲಿ ನಡೆದಿರುವುದು ಸಂತೋಷದ ಸಂಗತಿ.

ಆದರೆ ನಮ್ಮ ಪ್ರಶ್ನೆಗೆ ಉತ್ತರ ಇರುವುದು ಶಾಸನಗಳಲ್ಲಿ. ಸೂಡಿಯಲ್ಲಿ ಟಂಕಸಾಲೆಯಿತ್ತು. ಲಕ್ಕುಂಡಿಯ ಹಾಗೆ ಇಲ್ಲಿಯೂ ಚಾಲುಕ್ಯರ ಹೊನ್ನು ಅಚ್ಚಾಗುತ್ತಿತ್ತು. ನಾಣ್ಯ ಟಂಕಿಸುವ ಊರೆಂದರೆ ವ್ಯಾಪಾರಿಗಳ ಊರು. ಚೋಳರೊಡನೆ ನಡೆದ ಯುದ್ಧದಲ್ಲಿ ಈ ಪಟ್ಟಣದ ಕಟ್ಟುಪಾಡುಗಳು ಕೆಟ್ಟುಹೋದಾಗ, ಅಕ್ಕಾದೇವಿಯ ಆಡಳಿತವು ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಅವುಗಳನ್ನು ಹೊಸದಾಗಿ ನಿಗದಿಮಾಡಿ ಕಲ್ಲಿನ ಮೇಲೆ ಬರೆಯಿಸಿತು. ಆ ವ್ಯವಸ್ಥೆಯನ್ನು ಪಡೆದವರು ಯಾರು? ಊರಿನ ಎಂಟು ಜನ ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳು. ಇದನ್ನು ಎರಡು ಸಲ ಓದಿ ಮುಂದೆ ಹೋಗಬೇಕು. ಸುಮಾರು 970 ವರ್ಷಗಳ ಹಿಂದೆ, ಯುದ್ಧದಿಂದ ನೊಂದ ಒಂದು ಊರು, ತನಗೂ ಪ್ರಭುತ್ವಕ್ಕೂ ಇರುವ ಸಂಬಂಧ ಏನೆಂಬುದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಯಿಸಿಕೊಂಡಿತು. ಅಂದಿನದು ಸಮಾನತೆಯ ಸಮಾಜವೆಂದು ನಾನು ಹೇಳುತ್ತಿಲ್ಲ. ಎಂಬತ್ತು ಒಕ್ಕಲಿನ ಹೊರಗೆ ಉಳಿದವರ ಮಾತು ಅಲ್ಲಿಲ್ಲ. ಆದರೂ ಕೊಡುವವನ ಹಕ್ಕು ಬಾಯಿಮಾತಿನಲ್ಲಿ ಉಳಿಯದೆ ಬರಹಕ್ಕೆ ಬಂತು ಎನ್ನುವುದು ಸಣ್ಣ ಸಂಗತಿಯಲ್ಲ. ಮುಂದಿನ ಊರುಗಳಲ್ಲಿ ನಾವು ನೋಡಲಿರುವುದು ಇಂಥ ಬರಹ ಇಲ್ಲದೆ ಹೋದಾಗ, ಅಥವಾ ಇದ್ದೂ ಮಾನ್ಯವಾಗದೆ ಹೋದಾಗ ಏನಾಯಿತೆಂಬುದನ್ನು.

ಸೂಡಿಯಿಂದ ಗಜೇಂದ್ರಗಡಕ್ಕೆ ಹೆಚ್ಚು ದೂರವಿಲ್ಲ. ಸಮತಟ್ಟಾದ ಎರೆನೆಲ ಮುಗಿದು ಗುಡ್ಡಗಳ ಸಾಲು ಏಳುವಲ್ಲಿ ಊರು ಇದೆ. ಹಿಂದೆ ರೋಣ ತಾಲ್ಲೂಕಿನಲ್ಲಿದ್ದ ಈ ಊರು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ನೇಕಾರರ ಊರು, ಪಟ್ಟದಂಚಿನ ಸೀರೆಗೆ ಹೆಸರಾದದ್ದು. ಗುಡ್ಡದ ಮೇಲೆ ಕೋಟೆ, ಸುತ್ತಲಿನ ಬೆಟ್ಟಗಳ ನೆತ್ತಿಯ ಮೇಲೆ ಈಗ ಸಾಲುಸಾಲಾಗಿ ತಿರುಗುವ ಗಾಳಿಯಂತ್ರಗಳು. ಗಜೇಂದ್ರಗಡ ಬಹುಕಾಲ ಮರಾಠಾ ಸರದಾರರಾದ ಘೋರ್ಪಡೆ ಮನೆತನದ ಹಿಡಿತದಲ್ಲಿತ್ತು.

ಈ ಊರಿನ ಹೆಸರು ಭಾರತದ ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಬರುವುದು 1787ರ ಒಪ್ಪಂದದಿಂದಾಗಿ. ಅದರ ಮೂಲ ನರಗುಂದದಲ್ಲಿದೆ. ನರಗುಂದದ ಭಾವೆ ಮನೆತನದ ಸಂಸ್ಥಾನವನ್ನು ಹೈದರಾಲಿಯು 1778ರಲ್ಲಿ ತನ್ನ ಅಧೀನಕ್ಕೆ ತಂದುಕೊಂಡು, ಕಪ್ಪ ಕೊಡುವ ಕರಾರಿನ ಮೇಲೆ ಅವರ ಕೈಯಲ್ಲೇ ಬಿಟ್ಟಿದ್ದ. ಟೀಪುವಿನ ಕಾಲಕ್ಕೆ ಆ ಕಪ್ಪದ ಮೊತ್ತ ಏರಿತು. ಸಂಸ್ಥಾನಿಕ ವೆಂಕಟರಾವ್ ಭಾವೆ ಹೆಚ್ಚಿನ ಹಣ ಕೊಡಲಾರೆನೆಂದು ಪುಣೆಯ ಮೊರೆಹೊಕ್ಕ. ಟೀಪುವಿನ ಸೇನೆ 1785ರಲ್ಲಿ ನರಗುಂದವನ್ನು ಮುತ್ತಿ ಹಿಡಿಯಿತು. ವೆಂಕಟರಾವ್ ಮತ್ತು ಅವನ ಮಂತ್ರಿ ಕಾಳೋಪಂತ ಪೇಠೆ ಕಬ್ಬಾಳದುರ್ಗದಲ್ಲಿ ಸೆರೆಯಾದರು. ಇದರಿಂದ ಮರಾಠರು ಮತ್ತು ನಿಜಾಮರು ಒಂದುಗೂಡಿ ಯುದ್ಧಕ್ಕೆ ಇಳಿದರು. 1786ರಲ್ಲಿ ಬಾದಾಮಿ ಬಿತ್ತು, ಅದರ ಹಿಂದೆಯೇ ಗಜೇಂದ್ರಗಡವೂ ಮರಾಠರ ವಶವಾಯಿತು. ಟೀಪು ತಾನೇ ರಣರಂಗಕ್ಕಿಳಿದು ತುಂಗಭದ್ರೆಯನ್ನು ದಾಟಿ ಬಂದು ತನ್ನ ಬಲವನ್ನು ತೋರಿಸಿದ. ಕೊನೆಗೆ ಎರಡೂ ಕಡೆಯವರು ದಣಿದು ಗಜೇಂದ್ರಗಡದ ಒಪ್ಪಂದಕ್ಕೆ ಬಂದರು. ಟೀಪು ಬಾಕಿ ಕಪ್ಪವಾಗಿ 48 ಲಕ್ಷ ರೂಪಾಯಿ ಕೊಡಬೇಕು. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ, ಆದವಾನಿ ನಿಜಾಮನ ಕಡೆಗೆ.

ಕೋಟೆಯ ಮೇಲೆ ನಿಂತು ಸುತ್ತಲಿನ ಬಯಲನ್ನು ನೋಡುತ್ತ ಈ 48 ಲಕ್ಷವನ್ನು ನೆನೆಯಿರಿ. ಶ್ರೀರಂಗಪಟ್ಟಣ, ಪುಣೆ, ಹೈದರಾಬಾದ್ ಎಂಬ ಮೂರು ರಾಜಧಾನಿಗಳ ನಡುವೆ ಹಂಚಿಕೆಯಾದದ್ದು ಕೊನೆಗೂ ಯಾರ ದುಡಿಮೆ? ಕುದುರೆಗಳು ತುಳಿದ ಹೊಲ ಇದೇ, ಕಪ್ಪ ಹುಟ್ಟಬೇಕಾದ ಹೊಲವೂ ಇಂಥದೇ. ಸೂಡಿಯ ಕಲ್ಲಿನಲ್ಲಿ ಎಂಬತ್ತು ಒಕ್ಕಲಿಗೆ ಜಾಗವಿತ್ತು. ಗಜೇಂದ್ರಗಡದ ಒಪ್ಪಂದ ದೊರೆಗಳ ನಡುವಿನದು, ಅದರಲ್ಲಿ ಒಕ್ಕಲಿಗೆ ಜಾಗವಿಲ್ಲ. ಟೀಪುವಿನ ಪರವಾಗಿಯೋ ಮರಾಠರ ಪರವಾಗಿಯೋ ಜಗಳಕ್ಕೆ ನಿಲ್ಲುವವರು ಈ ಮೂರನೆಯ ಪಕ್ಷವನ್ನು ಒಮ್ಮೆ ಗಮನಿಸಿದರೆ ಚೆನ್ನ.

ಮಧ್ಯಾಹ್ನದ ಬಿಸಿಲಿಗೆ ಊರಿನ ಹತ್ತಿರವೇ ಇರುವ ಕಾಲಕಾಲೇಶ್ವರಕ್ಕೆ ಹೋಗಿ. ಬೆಟ್ಟದ ಮಗ್ಗುಲಿನಲ್ಲಿ ಗುಡಿ, ಹತ್ತಲು ಮೆಟ್ಟಿಲು, ಅಂತರಗಂಗೆಯೆಂದು ಕರೆಯುವ ನೀರಿನ ಸೆಲೆ. ಈ ಭಾಗದ ಜನ ಇದನ್ನು ದಕ್ಷಿಣಕಾಶಿ ಎನ್ನುತ್ತಾರೆ. ಅಲ್ಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ತಿಂದು, ಸ್ವಲ್ಪ ದಣಿವಾರಿಸಿಕೊಳ್ಳಿ. ಇತಿಹಾಸದ ಪಾಠಕ್ಕೆ ನಡುವೆ ವಿರಾಮ ಬೇಕೆಂಬುದು ಮೇಷ್ಟ್ರಾದವರಿಗೆಲ್ಲ ಗೊತ್ತು. ಅನಂತರ ರೋಣದ ಮೇಲೆಯೇ ಹಿಂದಿರುಗಿ ಪಶ್ಚಿಮಕ್ಕೆ, ನರಗುಂದಕ್ಕೆ ಹೊರಡಿ. ಗಜೇಂದ್ರಗಡದ ಒಪ್ಪಂದಕ್ಕೆ ಕಾರಣವಾದ ಊರನ್ನು ಕೊನೆಗೆ ನೋಡುವುದರಲ್ಲಿ ಒಂದು ಲಾಭವಿದೆ. ಅದರ ಕಥೆ 1787ಕ್ಕೆ ಮುಗಿಯುವುದಿಲ್ಲ.

ನರಗುಂದದ ಗುಡ್ಡ ಬಹಳ ದೂರದಿಂದಲೇ ಕಾಣುತ್ತದೆ. ಸುತ್ತ ಹತ್ತಿ, ಜೋಳ, ಕಡಲೆಯ ಕಪ್ಪು ಬಯಲು, ನಡುವೆ ಒಂಟಿಯಾಗಿ ಎದ್ದ ಗುಡ್ಡ. ಅದರ ಮೇಲಿನ ಕೋಟೆಯನ್ನು ಶಿವಾಜಿ ಕಟ್ಟಿಸಿದನೆಂದು ಹೇಳುತ್ತಾರೆ. ಈಗ ಉಳಿದಿರುವುದು ಹಾಳುಗೋಡೆಗಳು. ಊರಿನಲ್ಲಿ ಭಾವೆ ಮನೆತನದವರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ವೆಂಕಟೇಶ ದೇವಾಲಯವಿದೆ.

ಈ ಮನೆತನದ ಕೊನೆಯ ಸಂಸ್ಥಾನಿಕ ಭಾಸ್ಕರರಾವ್ ಭಾವೆ. ನಮ್ಮ ಕಡೆ ಬಾಬಾಸಾಹೇಬನೆಂದೇ ಪ್ರಸಿದ್ಧ. ಓದುಬರಹದ ಹುಚ್ಚಿನವನು, ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಅವನಲ್ಲಿತ್ತು. ಇದ್ದ ಮಗ ತೀರಿಕೊಂಡಾಗ ದತ್ತು ಪಡೆಯಲು ಕೋರಿದ, ಕಂಪನಿ ಸರಕಾರ ಒಪ್ಪಲಿಲ್ಲ. ಅದೇ ಕಾಲದಲ್ಲಿ 1852ರ ಕಾಯಿದೆಯ ಬಲದಿಂದ ಇನಾಮ್ ಕಮಿಷನ್ ಈ ಭಾಗದ ಊರೂರಿನಲ್ಲಿ ಇನಾಮು ಭೂಮಿಗಳ ಕಾಗದಪತ್ರ ಕೇಳುತ್ತಿತ್ತು. ತಲೆಮಾರುಗಳಿಂದ ಅನುಭವಿಸುತ್ತಿದ್ದ ಭೂಮಿಗೆ ಸರಿಯಾದ ದಾಖಲೆ ತೋರಿಸಲಾಗದವರು ಅದನ್ನು ಕಳೆದುಕೊಂಡರು. ಅದರ ಮೇಲೆ 1857ರ ಗಲಭೆಯ ತರುವಾಯ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ. ಈ ಮೂರೂ ಸೇರಿ ಬೆಂಕಿ ಹೊತ್ತಿತು.

1858ರ ಮೇ 29ರ ರಾತ್ರಿ, ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಬಿಡಾರ ಮಾಡಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಮೇಲೆ ಬಾಬಾಸಾಹೇಬನ ಜನ ಎರಗಿದರು. ಮ್ಯಾನ್ಸನ್‌ನ ತಲೆ ನರಗುಂದದ ಅಗಸೆಯ ಬಾಗಿಲಲ್ಲಿ ತೂಗಿತು. ಅತ್ತ ಮುಂಡರಗಿಯ ಭೀಮರಾಯನೂ ಬಂಡೆದ್ದಿದ್ದ. ಅವನು ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ. ಅದೇ ಹೊತ್ತಿಗೆ ಕರ್ನಲ್ ಮಾಲ್ಕಮ್‌ನ ದಂಡು ನರಗುಂದವನ್ನು ಮುಟ್ಟಿತು. ಕೋಟೆ ಬಿತ್ತು, ತಪ್ಪಿಸಿಕೊಂಡು ಹೋಗಿದ್ದ ಬಾಬಾಸಾಹೇಬ ಸೆರೆ ಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಎರಡು ವಾರಗಳಲ್ಲಿ ಒಂದು ಸಂಸ್ಥಾನವೇ ಇಲ್ಲವಾಯಿತು.

ತರಗತಿಯಲ್ಲಿ ನರಗುಂದದ ಬಂಡಾಯವೆಂದು ನಾವು ಇಸವಿಯನ್ನು ಕಂಠಪಾಠ ಮಾಡಿಸುತ್ತೇವೆ. ಬಾಬಾಸಾಹೇಬ ಹೋರಾಡಿದ್ದು ತನ್ನ ವಂಶದ ಹಕ್ಕಿಗಾಗಿ ಎಂದು ಕೆಲವರು ಅವನನ್ನು ಕಡಿಮೆ ಮಾಡಿ ಮಾತಾಡುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇನಾಮು ಕಳೆದುಕೊಂಡ, ಆಯುಧ ಕಸಿಯಲ್ಪಟ್ಟ ಸಾಮಾನ್ಯರ ಕೋಪ ಅವನ ಬೆನ್ನಿಗೆ ಇರದಿದ್ದರೆ ಈ ಹೆಸರು ಇಷ್ಟು ಕಾಲ ಜನರ ಬಾಯಲ್ಲಿ ಉಳಿಯುತ್ತಿರಲಿಲ್ಲ. ಆ ಸಾಮಾನ್ಯರ ಹೆಸರುಗಳು ಮಾತ್ರ ನಮ್ಮ ಪಾಠದಲ್ಲಿ ಇಲ್ಲ.

ಅವರ ಮೊಮ್ಮಕ್ಕಳ ಮಕ್ಕಳ ಹೆಸರು ಬರುವುದು ಇದೇ ಊರಿನ ಇನ್ನೊಂದು ಬಂಡಾಯದಲ್ಲಿ. ಅದನ್ನು ನೋಡಲು ಗುಡ್ಡ ಹತ್ತಬೇಕಿಲ್ಲ. ಊರಿನಲ್ಲಿ ರೈತರ ವೀರಗಲ್ಲು ಎಲ್ಲಿದೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂಬ ಲೆಕ್ಕದಲ್ಲಿ ಸರಕಾರ ರೈತರಿಗೆ ಅಭಿವೃದ್ಧಿ ಕರ ವಿಧಿಸಿತು. ಕಾಲುವೆಯ ನೀರು ತಲುಪದ ಹೊಲಗಳಿಗೂ ನೋಟೀಸು ಬಂತು. ಎರೆನೆಲಕ್ಕೆ ನೀರು ಬಿಟ್ಟಲ್ಲಿ ಜವುಳು ಹಿಡಿದ ಕಷ್ಟ ಬೇರೆ. ಬೆಳೆಗೆ ಬೆಲೆಯಿಲ್ಲ, ಗೊಬ್ಬರದ ದರ ಏರಿದೆ, ಕರ ಮಾತ್ರ ಕಟ್ಟಲೇಬೇಕು. ಮನವಿಗಳಿಗೆ ಉತ್ತರ ಬರಲಿಲ್ಲ. 1980ರ ಜುಲೈ 21ರಂದು ನರಗುಂದದ ತಹಸೀಲ್ದಾರ್ ಕಚೇರಿಯ ಮುಂದೆ ರೈತರು ಕೂಡಿದರು. ಗೋಲಿಬಾರ್ ನಡೆಯಿತು. ಚಿಕ್ಕನರಗುಂದದ ತರುಣ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದ. ನೆರೆಯ ನವಲಗುಂದ ತಾಲ್ಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿಯೂ ಅಂದೇ ಪ್ರಾಣ ಕಳೆದುಕೊಂಡ. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸ್ ಸಿಬ್ಬಂದಿಯೂ ಸತ್ತರು. ಅವರೂ ಯಾವುದೋ ಹಳ್ಳಿಯ ಮಕ್ಕಳೇ. ಆ ದಿನವನ್ನು ನೆನೆಯುವಾಗ ಎರಡೂ ಕಡೆಯ ಮನೆಗಳ ದುಃಖವನ್ನು ನೆನೆಯುವುದು ನ್ಯಾಯ.

ಅದರ ಪರಿಣಾಮ ನರಗುಂದಕ್ಕೆ ಸೀಮಿತವಾಗಲಿಲ್ಲ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊ. ಎಂ. ಡಿ. ನಂಜುಂಡಸ್ವಾಮಿ ಇವರ ಮುಂದಾಳುತನದಲ್ಲಿ ಹಸಿರು ಶಾಲು ರಾಜ್ಯದ ಉದ್ದಗಲಕ್ಕೆ ಹರಡಿತು. 1981ರಲ್ಲಿ ವಿರೋಧ ಪಕ್ಷಗಳ ಮುಂದಾಳುತನದಲ್ಲಿ ನರಗುಂದದಿಂದ ಬೆಂಗಳೂರಿಗೆ ರೈತರ ಕಾಲ್ನಡಿಗೆ ಜಾಥಾ ಹೊರಟಿತು. ಗುಂಡೂರಾಯರ ಸರಕಾರ 1983ರ ಚುನಾವಣೆಯಲ್ಲಿ ಸೋತು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂತು. ಆ ಸೋಲಿಗೆ ಕಾರಣಗಳು ಹಲವು, ಅವುಗಳಲ್ಲಿ ನರಗುಂದ ಒಂದು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. 2015ರಲ್ಲಿ ಮಹದಾಯಿ, ಕಳಸಾ-ಬಂಡೂರಿ ನೀರಿಗಾಗಿ ದೀರ್ಘ ಧರಣಿ ಆರಂಭವಾದದ್ದೂ ಇದೇ ಊರಿನಲ್ಲಿ. ಪ್ರತಿ ವರ್ಷ ಜುಲೈ 21ರಂದು ರೈತ ಹುತಾತ್ಮ ದಿನ. ಆ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಉಳಿದ ದಿನಗಳಲ್ಲಿ ಅದರ ಮುಂದೆ ನಿಲ್ಲುವ ಪ್ರವಾಸಿಗರು ಕಡಿಮೆ.

ವೀರಗಲ್ಲು ಎಂಬ ಹೆಸರನ್ನೂ ಗಮನಿಸಿ. ಅಕ್ಕಾದೇವಿಯ ಕಾಲದಲ್ಲಿ ತುರು ಕಾಯಲು, ಊರು ಉಳಿಸಲು ಸತ್ತವನಿಗೆ ನಿಲ್ಲಿಸುತ್ತಿದ್ದ ಕಲ್ಲಿಗೂ ಇದೇ ಹೆಸರು. ನಮ್ಮ ಜನ 1980ರಲ್ಲಿ ಮಡಿದ ರೈತನಿಗೆ ಹೊಸ ಹೆಸರಿನ ಸ್ಮಾರಕ ಹುಡುಕಲಿಲ್ಲ. ಹಳೆಯ ಶಬ್ದವೇ ಅವರ ನಾಲಿಗೆಗೆ ಬಂತು. ಇತಿಹಾಸ ಒಂದು ನಾಡಿನೊಳಗೆ ಹೀಗೆ, ಓದದವರ ಮಾತಿನಲ್ಲಿಯೂ, ಉಳಿದಿರುತ್ತದೆ.

ಕೆಲವು ವ್ಯಾವಹಾರಿಕ ಸೂಚನೆಗಳು. ಬೇಸಿಗೆಯಲ್ಲಿ ಬರಬೇಡಿ, ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಎರಡೂ ಕೋಟೆಗಳಿಗೆ ನೀರು, ಟೋಪಿ, ಗಟ್ಟಿ ಚಪ್ಪಲಿ ಬೇಕು. ಸ್ವಂತ ವಾಹನವಿದ್ದರೆ ಮಾತ್ರ ಒಂದೇ ಹಗಲಿನಲ್ಲಿ ಎಲ್ಲವೂ ಆದೀತು. ಬಸ್ಸಿನಲ್ಲಿ ಬರುವವರು ಸೂಡಿ, ಗಜೇಂದ್ರಗಡಗಳನ್ನು ಒಂದು ದಿನ, ನರಗುಂದವನ್ನು ಮತ್ತೊಂದು ದಿನ ಇಟ್ಟುಕೊಳ್ಳುವುದು ಮೇಲು. ಹೊತ್ತು ಸಾಲದೆ ಒಂದನ್ನು ಬಿಡಲೇಬೇಕಾಗಿ ಬಂದರೆ ಗಜೇಂದ್ರಗಡದ ಕೋಟೆಯನ್ನು ದೂರದಿಂದ ನೋಡಿ. ಸೂಡಿಯ ಶಾಸನದ ಊರನ್ನೂ ನರಗುಂದದ ವೀರಗಲ್ಲನ್ನೂ ಮಾತ್ರ ಬಿಡಬೇಡಿ. ಜೊತೆಗೆ ಮಕ್ಕಳಿದ್ದರೆ ಎರಡೂ ಕಲ್ಲುಗಳ ಕಥೆಯನ್ನು ಹೇಳಿ. ಒಂದರಲ್ಲಿ ಆಳುವವರು ಊರಿನವರ ಹಕ್ಕನ್ನು ಮೊದಲೇ ಬರೆದುಕೊಟ್ಟರು. ಇನ್ನೊಂದನ್ನು ಊರಿನವರು, ತಮ್ಮ ಮಾತು ಯಾರೂ ಕೇಳದೆ ಹೋದ ಮೇಲೆ, ತಾವೇ ನಿಲ್ಲಿಸಿದರು.